ಹವಳದ ಟ್ಯಾಂಕಿನಲ್ಲಿ ಪಾಚಿ ಕಾಟವೇ? ಬ್ರಷ್ ಹಿಡಿಯುವ ಮೊದಲು ಟಾಪ್‌ಅಪ್ ನೀರು ನೋಡಿ

ಭಾನುವಾರ ಕೂತು ಎರಡು ಗಂಟೆ ಪಾಚಿ ಕಿತ್ತಿದ್ದೀರಿ. ಬುಧವಾರಕ್ಕೆ ಮತ್ತೆ ಅಷ್ಟೇ ಬೆಳೆದಿದೆ. ಅಂಗಡಿಯವರು ಕೊಟ್ಟ ಪಾಚಿ ಔಷಧದ ಬಾಟಲಿ ಖಾಲಿಯಾಯಿತು, ಪಾಚಿ ತಿನ್ನಲೆಂದು ತಂದ ಬಸವನಹುಳುಗಳಲ್ಲಿ ಅರ್ಧ ಸತ್ತವು, ಮನೆಯವರು "ಇದಕ್ಕಿಂತ ಗೋಲ್ಡ್‌ಫಿಶ್ ಇಟ್ಟಿದ್ರೆ ಆಗ್ತಿತ್ತು" ಅಂದಾಯಿತು. ಈಗ ಎಲ್ಲ ಖಾಲಿ ಮಾಡಿ, ಕಲ್ಲನ್ನೆಲ್ಲ ಟೆರೇಸ್ ಮೇಲೆ ಬಿಸಿಲಿಗೆ ಹಾಕಿ ಮೊದಲಿಂದ ಶುರು ಮಾಡೋಣ ಅನ್ನಿಸುತ್ತಿದೆ, ಅಲ್ವಾ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ. ತಪ್ಪು ಎಲ್ಲಿದೆ ಅಂತ ತಿಳಿಯದೆ ಹೊಸ ಟ್ಯಾಂಕ್ ಕಟ್ಟಿದರೆ ಆರು ತಿಂಗಳಲ್ಲಿ ಅದೇ ಪಾಚಿ, ಅದೇ ಜಾಗದಲ್ಲಿ ಬರುತ್ತದೆ.

ನನ್ನದು ಉಪ್ಪುನೀರಿನಲ್ಲಿ ಹವಳ, ಮೀನು ಸಾಕುವ 200 ಲೀಟರಿನ ಟ್ಯಾಂಕ್, ಕೆಳಗೆ ಸಂಪ್. (ಮನೆ ಮುಂದೆ ಕಾವೇರಿ ನೀರು ತುಂಬುವ ಸಂಪ್ ಅಲ್ಲ. ಟ್ಯಾಂಕಿನ ಕೆಳಗೆ ಫಿಲ್ಟರ್ ಸಾಮಾನು ಇಡುವ ಗಾಜಿನ ತೊಟ್ಟಿ. ಬೆಂಗಳೂರಿನಲ್ಲಿ ಯಾರಿಗೆ ಹೇಳಿದರೂ ಒಮ್ಮೆ ಈ ಗೊಂದಲ ಆಗಿಯೇ ಆಗುತ್ತದೆ.) ಎರಡು ವರ್ಷ ಚೆನ್ನಾಗಿದ್ದ ಟ್ಯಾಂಕ್ 2024ರ ಬೇಸಿಗೆಯಲ್ಲಿ ಒಂದೂವರೆ ತಿಂಗಳಲ್ಲಿ ಹಸಿರು ಕಂಬಳಿ ಹೊದ್ದುಕೊಂಡಿತು. ಕಾರಣ ಹುಡುಕಲು ನನಗೆ ಮೂರು ತಿಂಗಳು ಬೇಕಾಯಿತು. ಸರಿಯಾದ ಕ್ರಮದಲ್ಲಿ ಹುಡುಕಿದ್ದರೆ ಒಂದು ಸಂಜೆ ಸಾಕಿತ್ತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬಂದಿರುವುದು ಏನು?

ಎಲ್ಲವನ್ನೂ "ಪಾಚಿ" ಅಂತ ಒಂದೇ ಹೆಸರಲ್ಲಿ ಕರೆಯುವುದೇ ಅರ್ಧ ತೊಂದರೆ. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಊಟವಾಗುತ್ತದೆ.

ಮರಳಿನ ಮೇಲೆ ರಾಗಿಹಿಟ್ಟು ಚೆಲ್ಲಿದ ಹಾಗೆ ಕಂದು ಪುಡಿ ಕೂತಿದ್ದು, ಕೈಯಾಡಿಸಿದರೆ ಹೊಗೆಯಂತೆ ಏಳುತ್ತಿದ್ದರೆ ಅದು ಡಯಾಟಮ್. ಟ್ಯಾಂಕಿಗೆ ಇನ್ನೂ ಎರಡು ಮೂರು ತಿಂಗಳೂ ಆಗಿಲ್ಲ ಅಂದರೆ ಸುಮ್ನೆ ಬಿಡಿ, ತಾನಾಗಿ ಹೋಗುತ್ತದೆ. ಹಳೇ ಟ್ಯಾಂಕಿನಲ್ಲಿ ಇದ್ದಕ್ಕಿದ್ದಂತೆ ಬಂದರೆ ಮಾತ್ರ ನೀರಿನಲ್ಲಿ ಸಿಲಿಕೇಟ್ ಬರುತ್ತಿದೆ ಅಂತ ಅನುಮಾನಪಡಿ.

ಬೀಟ್ರೂಟ್ ಬಣ್ಣದ ತೆಳು ಹಾಳೆ, ಹಾಲಿನ ಕೆನೆ ಎತ್ತಿದ ಹಾಗೆ ಒಂದೇ ತುಂಡಾಗಿ ಎದ್ದು ಬರುತ್ತದೆ, ವಾಸನೆಯೂ ಇದೆ. ಇದು ಸಯನೋ. ನಿಜಕ್ಕೂ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ನೀರು ಓಡದ ಮೂಲೆಗಳಲ್ಲಿ, ಕಸ ಕೂತ ಮರಳಿನ ಮೇಲೆ ಮೊದಲು ಕಾಣಿಸುತ್ತದೆ.

ಹಸಿರು ಎಳೆಗಳು, ಒದ್ದೆ ಹತ್ತಿಯಂತೆ, ಹಿಡಿದು ಎಳೆದರೆ ಸುಲಭವಾಗಿ ಬರುತ್ತವೆ ಅಂದರೆ ಹೇರ್ ಆಲ್ಗೆ. ಅದೇ ಎಳೆಯನ್ನು ನೀರು ತುಂಬಿದ ಬಿಳಿ ಬಟ್ಟಲಿನಲ್ಲಿ ಹರಡಿ ನೋಡಿ. ಒಂದೊಂದು ಎಳೆಯೂ ಪುಟ್ಟ ಹಕ್ಕಿಗರಿಯಂತೆ ಎರಡೂ ಕಡೆ ಕವಲೊಡೆದಿದ್ದರೆ ಅದು ಬ್ರಯಾಪ್ಸಿಸ್. ಇದು ಹಠಮಾರಿ, ಗೊಬ್ಬರ (ಅಂದರೆ ನೀರಿನಲ್ಲಿ ಸೇರುವ ನೈಟ್ರೇಟ್, ಫಾಸ್ಫೇಟ್) ನಿಲ್ಲಿಸಿದರೂ ಜಗ್ಗುವುದಿಲ್ಲ. ಇನ್ನು ಹಸಿರು ಗಾಜಿನ ಗೋಲಿಯಂತೆ, ಸಾಬಕ್ಕಿ ಗಾತ್ರದಿಂದ ದ್ರಾಕ್ಷಿ ಗಾತ್ರದವರೆಗೆ ಇರುವುದು ವಲೋನಿಯಾ, ಅಂದರೆ ಬಬಲ್ ಆಲ್ಗೆ. ಕಲ್ಲಿನ ಮೇಲೆ ಗುಲಾಬಿ ಅಥವಾ ನೇರಳೆ ಬಣ್ಣದ ಗಟ್ಟಿ ಪೊರೆ ಬಂದಿದ್ದರೆ ಅದು ಕೊರಲೈನ್. ಅದನ್ನು ಕೆರೆಯಬೇಡಿ, ಅದಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ.

ನಿಜವಾಗಿ ಹೆದರಬೇಕಾದ್ದು ಕಂದು ಲೋಳೆಗೆ. ಸಿಂಬಳದಂತೆ ನೇತಾಡುತ್ತದೆ, ಎಳೆಗಳ ತುದಿಯಲ್ಲಿ ಗಾಳಿಗುಳ್ಳೆ ಇರುತ್ತದೆ, ಬೆಳಗ್ಗೆ ಲೈಟ್ ಹಾಕುವಾಗ ಮರಳು ಬೆಳ್ಳಗಿರುತ್ತದೆ, ಮಧ್ಯಾಹ್ನಕ್ಕೆ ಕಂದಾಗಿ ರಾತ್ರಿ ಮತ್ತೆ ಮಾಯವಾಗುತ್ತದೆ. ಇದು ಡೈನೋಫ್ಲಾಜೆಲೇಟ್, ಹವ್ಯಾಸಿಗಳ ಬಾಯಲ್ಲಿ ಡೈನೋ. ಕೆಲವು ಜಾತಿಗಳು ವಿಷಕಾರಿ, ತಿಂದ ಬಸವನಹುಳು ಸಾಯುತ್ತದೆ. ಡಯಾಟಮ್ಮೋ ಡೈನೋನೋ ಅಂತ ಗೊಂದಲವಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದಿಷ್ಟು ಲೋಳೆಯನ್ನು ಟ್ಯಾಂಕ್ ನೀರಿನ ಸಮೇತ ಸಣ್ಣ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ. ನಮ್ಮ ಡಿಕಾಕ್ಷನ್ ಹಾಕುವ ಸ್ಟೀಲ್ ಫಿಲ್ಟರ್ ಇದಕ್ಕೆ ಆಗುವುದಿಲ್ಲ, ಕಾಗದದ್ದೇ ಬೇಕು. ಸೋಸಿದ ತಿಳಿ ನೀರನ್ನು ಲೈಟಿನ ಕೆಳಗೆ ಇಡಿ. ಗಂಟೆಯೊಳಗೆ ಮತ್ತೆ ಎಳೆಎಳೆಯಾಗಿ ಒಂದುಗೂಡಿದರೆ ಬಹುತೇಕ ಡೈನೋ. ಮಕ್ಕಳ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಡೈನೋ ಓಡಾಡುತ್ತದೆ, ಡಯಾಟಮ್ ಹೆಚ್ಚುಕಡಿಮೆ ಬಿದ್ದಲ್ಲೇ ಬಿದ್ದಿರುತ್ತದೆ.

ಈ ವ್ಯತ್ಯಾಸಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹೇರ್ ಆಲ್ಗೆ ಬರುವುದು ಗೊಬ್ಬರ ಜಾಸ್ತಿಯಾಗಿ. ಡೈನೋ ಬರುವುದು ಹೆಚ್ಚಾಗಿ ಗೊಬ್ಬರ ಪೂರ್ತಿ ಬರಿದಾಗಿ, ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗಿಳಿದಾಗ. ಡೈನೋ ಇರುವವರು ಪಾಚಿ ಅಂದುಕೊಂಡು ಇನ್ನಷ್ಟು ನೀರು ಬದಲಿಸಿ, ಇನ್ನಷ್ಟು ಫಾಸ್ಫೇಟ್ ತೆಗೆಯುವ ಪುಡಿ ಹಾಕಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಅವರು ಮಾಡಬೇಕಾದ್ದು ಉಲ್ಟಾ: ನೀರು ಬದಲಿಸುವುದನ್ನು ನಿಲ್ಲಿಸಿ, ನೈಟ್ರೇಟನ್ನು 5ರಿಂದ 10 ಪಿಪಿಎಂಗೆ (ಒಂದು ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ), ಫಾಸ್ಫೇಟನ್ನು 0.1ರ ಹತ್ತಿರಕ್ಕೆ ನಿಧಾನವಾಗಿ ಏರಿಸಿ, ಉಳಿದ ಜೀವಿಗಳು ಪೈಪೋಟಿಗೆ ಬರಲು ಬಿಡಬೇಕು. ರಾತ್ರಿ ನೀರಿನಲ್ಲಿ ತೇಲುವ ಜಾತಿಯಾದರೆ ಯುವಿ (ನೀರನ್ನು ಅತಿನೇರಳೆ ಬೆಳಕಿನ ಮುಂದೆ ಹಾಯಿಸುವ ಸಾಧನ) ಕೆಲಸ ಮಾಡುತ್ತದೆ. ಮರಳಲ್ಲೇ ಅವಿತು ಕೂರುವ ಜಾತಿಗೆ ಯುವಿ ದಂಡ.

ಇಲ್ಲಿಂದ ಮುಂದೆ ಬರೆಯುವುದು ಹೇರ್ ಆಲ್ಗೆ ಮತ್ತು ಅದರ ಬಂಧುಬಳಗದ ಕಾಟ ಇರುವವರಿಗೆ.

ಟಾಪ್‌ಅಪ್ ನೀರು

ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಯಾವುದೂ ಮೇಲೆ ಹೋಗುವುದಿಲ್ಲ. ಆವಿಯಾದದ್ದನ್ನು ತುಂಬಲು ನೀವು ದಿನಾ ಸುರಿಯುವ ಟಾಪ್‌ಅಪ್ ನೀರಿನಲ್ಲಿ ಏನೇ ಸ್ವಲ್ಪ ಇದ್ದರೂ ಅದು ಟ್ಯಾಂಕಿನಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಸಾಂಬಾರು ಒಲೆ ಮೇಲಿಟ್ಟು, ಬತ್ತಿದ ಹಾಗೆಲ್ಲ ನೀರಿನ ಬದಲು ಸಾಂಬಾರೇ ಸುರಿದರೆ ಏನಾಗುತ್ತದೋ ಹಾಗೆ.

ನನ್ನ ಕಥೆ ಕೇಳಿ. ಸಾಧಾರಣ ದಿನಗಳಲ್ಲಿ ನನ್ನ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತಿತ್ತು. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಚಿಲ್ಲರ್ ಇಲ್ಲದೆ ನಡೆದುಹೋಗುತ್ತದೆ, ಆದರೆ ಮಾರ್ಚ್‌ನಿಂದ ಮೇವರೆಗೆ ಟ್ಯಾಂಕ್ 29, 30 ಡಿಗ್ರಿಗೆ ಏರತೊಡಗಿದಾಗ ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿದೆ. ತಂಪಾಯಿತು. ಜೊತೆಗೆ ಆವಿಯಾಗುವುದು ನಾಲ್ಕು ಲೀಟರಿಗೆ ಹೋಯಿತು. ಆ ವರ್ಷ ಊರಿಗೆಲ್ಲ ನೀರಿನ ತತ್ವಾರ. ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ವಾರಕ್ಕೊಮ್ಮೆ ಬಂದರೆ ಪುಣ್ಯ, ಉಳಿದದ್ದೆಲ್ಲ ಟ್ಯಾಂಕರ್, ಅಂದರೆ ಎಲ್ಲಿಯದೋ ಬೋರ್‌ವೆಲ್. ನಾನು ಅಡುಗೆಮನೆಯ ಆರ್‌ಓ ನೀರನ್ನೇ ಟಾಪ್‌ಅಪ್‌ಗೆ ಹಾಕುತ್ತಿದ್ದೆ. ಆರ್‌ಓ ಅಂದಮೇಲೆ ಶುದ್ಧವೇ ಅಂತ ನಂಬಿದ್ದೆ.

ಕಡೆಗೊಂದು ದಿನ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುವ ಮೀಟರ್) ಅದ್ದಿ ನೋಡಿದೆ. ಕಾವೇರಿ ಬಂದ ದಿನ ನಲ್ಲಿಯಲ್ಲಿ 180, ಟ್ಯಾಂಕರ್ ದಿನ 740. ಆರ್‌ಓ ನಲ್ಲಿಯಲ್ಲಿ? 60. ಸೊನ್ನೆ ಇರಬೇಕಾದಲ್ಲಿ ಅರವತ್ತು. ಅದೇ ನೀರಿಗೆ ನೈಟ್ರೇಟ್ ಟೆಸ್ಟ್ ಮಾಡಿದರೆ 10 ಪಿಪಿಎಂ. ಲೆಕ್ಕ ಹಾಕಿ: ದಿನಕ್ಕೆ 4 ಲೀಟರ್, ತಿಂಗಳಿಗೆ 120 ಲೀಟರ್. ಲೀಟರಿಗೆ 10 ಮಿಲಿಗ್ರಾಂ ಅಂದರೆ 1200 ಮಿಲಿಗ್ರಾಂ ನೈಟ್ರೇಟ್. ಅದನ್ನು 200 ಲೀಟರಿಗೆ ಹಂಚಿದರೆ ತಿಂಗಳಿಗೆ 6 ಪಿಪಿಎಂ, ಮೀನಿಗೆ ಒಂದು ಕಾಳೂ ಹಾಕದೆ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಆರ್‌ಓ ಕೆಟ್ಟಿರಲಿಲ್ಲ. ಅದು ಮಾಡಬೇಕಾದ್ದನ್ನೇ ಮಾಡುತ್ತಿತ್ತು. ಕುಡಿಯುವ ನೀರು ಪೂರ್ತಿ ಸಪ್ಪೆಯಾಗಬಾರದು ಅಂತ ಮನೆ ಆರ್‌ಓಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ಮೆಂಬ್ರೇನ್ ದಾಟಿ ಬಂದ ನೀರಿಗೆ ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಇನ್ನು ಕೆಲವು ತಾಮ್ರ ಸೇರಿಸುತ್ತವೆ. ಈ ತಾಮ್ರದ್ದು ಬಲು ಮುಖ್ಯ, ದಯವಿಟ್ಟು ಗಮನಿಸಿ: ನಮಗೆ ತಾಮ್ರದ ಚೊಂಬಿನ ನೀರು ಒಳ್ಳೆಯದು ಅನ್ನುತ್ತಾರೆ, ಆದರೆ ಬಸವನಹುಳು, ಸಿಗಡಿ, ಹವಳಗಳಿಗೆ ತಾಮ್ರ ವಿಷ. ನಿಮ್ಮ ಬಸವನಹುಳುಗಳು ತಂದ ವಾರದಲ್ಲೇ ಸಾಯುತ್ತಿದ್ದರೆ, ಆರ್‌ಓದಲ್ಲಿ ತಾಮ್ರದ ಕಾರ್ಟ್ರಿಜ್ ಇದೆಯಾ ಅಂತ ಮೊದಲು ನೋಡಿ. ಪಾಚಿ ತಿನ್ನುವವರೇ ಸತ್ತರೆ ಪಾಚಿಗೆ ಹಬ್ಬ.

ಹಾಗಾದರೆ ಏನು ಮಾಡಬೇಕು? ಟ್ಯಾಂಕಿಗೆ ಅಂತಲೇ ಪ್ರತ್ಯೇಕ ಆರ್‌ಓಡಿಐ. ಅದರಲ್ಲಿ ಮೆಂಬ್ರೇನ್ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಸಣ್ಣ ಮಣಿಗಳು), ಕೊನೆಯಲ್ಲಿ ಟಿಡಿಎಸ್ 0. ಮೆಂಬ್ರೇನ್ ಚೆನ್ನಾಗಿದ್ದರೆ ಬರುವ ಟಿಡಿಎಸ್‌ನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚನ್ನು ತಡೆಯುತ್ತದೆ. ಅಂದರೆ ಕಾವೇರಿಯ 180 ಒಳಗೆ ಹೋದರೆ ರೆಸಿನ್‌ಗೆ ಸಿಗುವುದು 9ರೊಳಗೆ, ಟ್ಯಾಂಕರಿನ 740 ಹೋದರೆ 37ರವರೆಗೆ. ನಾಲ್ಕು ಪಟ್ಟು ಕೆಲಸ, ನಾಲ್ಕು ಪಟ್ಟು ಬೇಗ ರೆಸಿನ್ ಖಾಲಿ. ಹಾಗಾಗಿ ನಾನು ಕಾವೇರಿ ಬಂದ ದಿನವೇ ಕ್ಯಾನ್ ತುಂಬಿಸಿಡುತ್ತೇನೆ. ರೆಸಿನ್ ಮುಗಿಯುವ ಹೊತ್ತಿಗೆ ಮೊದಲು ಕೈಬಿಡುವುದು ಸಿಲಿಕೇಟನ್ನು, ಅದನ್ನು ಟಿಡಿಎಸ್ ಪೆನ್ ಸರಿಯಾಗಿ ಹಿಡಿಯುವುದಿಲ್ಲ. ಪೆನ್ 1 ತೋರಿಸಿದರೂ ರೆಸಿನ್ ಬದಲಿಸಿ. ಬಣ್ಣ ಬದಲಾಗುವ ರೆಸಿನ್ ಆದರೆ ಕಣ್ಣಿಗೇ ಕಾಣುತ್ತದೆ.

ಆರ್‌ಓಡಿಐ ತಕ್ಷಣ ಆಗದು ಅನ್ನುವವರು ಮನೆ ಆರ್‌ಓದಲ್ಲಿ ಮೆಂಬ್ರೇನ್ ಆದ ತಕ್ಷಣದ ಪೈಪಿನಿಂದ, ಅಂದರೆ ಕಂಟ್ರೋಲರ್ ಮತ್ತು ಮಿನರಲ್‌ಗೆ ಮೊದಲೇ, ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿಸಿ ನೀರು ತೆಗೆದುಕೊಳ್ಳಬಹುದು. ಸರ್ವಿಸ್‌ಗೆ ಬಂದ ಹುಡುಗನಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. "ಸರ್, ಇದು ಕುಡಿಯೋಕೆ ಒಳ್ಳೇದಲ್ಲ" ಅಂತ ಅವನು, "ಕುಡಿಯೋದು ನಾನಲ್ಲಪ್ಪ" ಅಂತ ನಾನು.

ಟೆಸ್ಟ್ ಸೊನ್ನೆ ತೋರಿಸುತ್ತಿದೆಯಲ್ಲಾ?

ಎಲ್ಲರೂ ಬೀಳುವ ಗುಂಡಿ ಇದು. ಟ್ಯಾಂಕ್ ತುಂಬ ಹಸಿರು, ಆದರೆ ನೈಟ್ರೇಟ್ 1, ಫಾಸ್ಫೇಟ್ 0. "ನನ್ನ ನೀರು ಸರಿಯಾಗಿದೆ, ಲೈಟಿನದೇ ತಪ್ಪು" ಅಂತ ತೀರ್ಮಾನಿಸಿ ಹೊಸ ಲೈಟ್ ಕೊಳ್ಳುತ್ತಾರೆ. ನಾನೂ ಕೊಳ್ಳುವುದರಲ್ಲಿದ್ದೆ. ಟೆಸ್ಟ್ ಹೇಳುವುದು ನೀರಿನಲ್ಲಿ ಈಗ ಏನು ಉಳಿದಿದೆ ಅಂತ ಮಾತ್ರ. ಒಳಗೆ ಬಂದದ್ದನ್ನೆಲ್ಲ ಪಾಚಿ ಆಗಲೇ ತಿಂದು ಮುಗಿಸಿದೆ. ತಟ್ಟೆ ಖಾಲಿ ಇದೆ ಅಂದ ಮಾತ್ರಕ್ಕೆ ಮನೆಯಲ್ಲಿ ಊಟ ಆಗಿಲ್ಲ ಅಂತಲ್ಲವಲ್ಲ. ಬೆಳ್ಳಂದೂರು ಕೆರೆ ನೋಡಿದ ನಮಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ: ಕಳೆ ಎಷ್ಟು ತೆಗೆದರೂ, ಕೊಳಚೆ ಬಂದು ಸೇರುವುದು ನಿಲ್ಲದಿದ್ದರೆ ಮತ್ತೆ ಹಬ್ಬುತ್ತದೆ.

ಅದಕ್ಕೇ ಪಾಚಿ ಇರುವಾಗ ಸಂಖ್ಯೆಗಿಂತ ಪಾಚಿಯೇ ಒಳ್ಳೆಯ ಮೀಟರ್. ಕಿತ್ತ ಮೇಲೆ ಎಷ್ಟು ದಿನಕ್ಕೆ ಮರಳಿ ಬರುತ್ತದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾಲ್ಕು ದಿನ ಇದ್ದದ್ದು ಹತ್ತು ದಿನ ಆದರೆ ನೀವು ಸರಿದಾರಿಯಲ್ಲಿದ್ದೀರಿ. ಪಾಚಿ ಹೋದ ಮೇಲೆ ಸಂಖ್ಯೆ ನೋಡಿ: ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಸಾಮಾನ್ಯ ಹವಳಗಳಿಗೆ ಸಾಕು. ಸೊನ್ನೆ ಗುರಿಯಲ್ಲ. ಸೊನ್ನೆಯ ಬಾಗಿಲಲ್ಲಿ ಡೈನೋ ಕಾದಿರುತ್ತದೆ.

ನೀರು ಸರಿಯಿದ್ದೂ ಪಾಚಿ ಬಂದರೆ

ಆಗ ಊಟ ನೋಡಿ. ಮನೆಯಲ್ಲಿ ಯಾರ್‍ಯಾರು ಮೀನಿಗೆ ಹಾಕುತ್ತಾರೆ ಅಂತ ಕೇಳಿ. ನಾನು ಬೆಳಗ್ಗೆ ಒಮ್ಮೆ ಹಾಕಿ ಆಫೀಸಿಗೆ ಹೋದರೆ, ಮಧ್ಯಾಹ್ನ ಅಮ್ಮ "ಪಾಪ, ಗಾಜಿಗೆ ಬಾಯಿ ಬಡಿದುಕೊಳ್ಳುತ್ತೆ" ಅಂತ ಇನ್ನೊಮ್ಮೆ, ಸಂಜೆ ಮಗಳು ಫ್ರೆಂಡ್ಸ್‌ಗೆ ತೋರಿಸಲು ಮತ್ತೊಮ್ಮೆ. ಈಗ ವಾರದ ಮಾತ್ರೆ ಡಬ್ಬಿಯಲ್ಲಿ ದಿನಕ್ಕೆ ಇಷ್ಟೇ ಅಂತ ಹಾಕಿಟ್ಟಿದ್ದೇನೆ. ಯಾರು ಬೇಕಾದರೂ ಹಾಕಲಿ, ಖಾಲಿಯಾದರೆ ಮುಗಿಯಿತು. ಫ್ರೋಜನ್ ಆಹಾರವನ್ನು ಕರಗಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಆ ರಸ ಚೆಲ್ಲಿ ಹಾಕಿ.

ಆಮೇಲೆ ಫಿಲ್ಟರ್ ಸಾಕ್ಸ್, ಅಂದರೆ ಸಂಪಿನಲ್ಲಿ ಕಸ ಹಿಡಿಯುವ ಬಟ್ಟೆ ಚೀಲ. ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸದಿದ್ದರೆ ಅದು ಫಿಲ್ಟರ್ ಅಲ್ಲ, ತಿಪ್ಪೆ. ಸ್ಕಿಮ್ಮರ್ (ಗಾಳಿಗುಳ್ಳೆ ಹಾಯಿಸಿ ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ) ಕಪ್ ಒಣಗಿ ಕೂತಿದ್ದರೆ ಅದರ ಗಾಳಿ ಪೈಪಿನ ತುದಿಯಲ್ಲಿ ಉಪ್ಪು ಕಟ್ಟಿರಬಹುದು. ಕರೆಂಟ್ ಹೋಗಿ ಬಂದ ಮೇಲೆ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಓಡಾಡಿಸುವ ಪಂಪ್) ನಿಜವಾಗಿ ತಿರುಗುತ್ತಿದೆಯಾ ಅಂತ ಕೈಯಿಟ್ಟು ನೋಡಿ. ನನ್ನದು ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ, ಆ ಮೂಲೆಯಲ್ಲೇ ಸಯನೋ ಬಂತು. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲಿ ಒಂದು ಗಂಟೆ ಓಡಿಸಿದರೆ ಪಂಪ್ ಹೊಸದರಂತಾಗುತ್ತದೆ.

ಕಲ್ಲು ಇನ್ನೊಂದು ಮೂಲ. ಈ ಕಲ್ಲುಗಳು ಕ್ಯಾಲ್ಸಿಯಂ ಕಾರ್ಬೊನೇಟ್, ಫಾಸ್ಫೇಟನ್ನು ಹೀರಿ ಇಟ್ಟುಕೊಳ್ಳುತ್ತವೆ. ನೀರಿನಲ್ಲಿ ಕಡಿಮೆಯಾದಾಗ ನಿಧಾನವಾಗಿ ಬಿಡುತ್ತವೆ. ಬೇರೆಯವರು ಟ್ಯಾಂಕ್ ಮುಚ್ಚಿದಾಗ ಅಗ್ಗಕ್ಕೆ ಕೊಂಡ ಹಳೇ ಕಲ್ಲಾದರೆ ತಿಂಗಳುಗಟ್ಟಲೆ ಇದೇ ನಡೆಯುತ್ತದೆ. ಇದಕ್ಕೆ ಜಿಎಫ್‌ಓ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಕಾಳು), ಆದರೆ ಹೇಳಿದ್ದಕ್ಕಿಂತ ಅರ್ಧ ಅಳತೆಯಲ್ಲಿ ಶುರು ಮಾಡಿ. ಫಾಸ್ಫೇಟ್ ದಿಢೀರ್ ಇಳಿದರೆ ಹವಳಗಳು ಬಿಳಿಚಿಕೊಳ್ಳುತ್ತವೆ. ಹಾಗೆಯೇ, ಮುರುಡೇಶ್ವರ, ರಾಮೇಶ್ವರ ಕಡೆ ಹೋದಾಗ ದಡದಿಂದ ಹವಳದ ಕಲ್ಲು ಆರಿಸಿ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗಟ್ಟಿ ಹವಳಗಳು ಶೆಡ್ಯೂಲ್ 1ರಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ.

ಲೈಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಕ್ಕೆ ಎಂಟು ಗಂಟೆ, ಬಿಳಿ ಕಡಿಮೆ, ನೀಲಿ ಹೆಚ್ಚು. ಕಿಟಕಿ ಬಿಸಿಲು ನೇರ ಬೀಳುತ್ತಿದ್ದರೆ ಪರದೆ ಹಾಕಿ.

ಈಗ ಕೀಳಿ

ಮೂಲ ನಿಲ್ಲಿಸಿದ ಮೇಲೆ ಕೀಳುವುದಕ್ಕೆ ಅರ್ಥ ಬರುತ್ತದೆ. ಕಿತ್ತದ್ದು ನೀರಿನಲ್ಲೇ ತೇಲಿ ಕೊಳೆಯಲು ಬಿಡಬೇಡಿ. ಸಣ್ಣ ಪೈಪಿನ ಬಾಯಿಗೆ ಹಲ್ಲುಜ್ಜುವ ಬ್ರಷ್ ಕಟ್ಟಿ, ಉಜ್ಜುತ್ತಲೇ ಎಳೆದುಕೊಳ್ಳುವ ಹಾಗೆ ಮಾಡಿ, ಇನ್ನೊಂದು ತುದಿಯನ್ನು ಸಂಪಿನ ಸಾಕ್ಸ್‌ಗೆ ಬಿಡಿ. ನೀರು ಉಳಿಯುತ್ತದೆ, ಪಾಚಿ ಸಾಕ್ಸ್‌ನಲ್ಲಿ ಸಿಗುತ್ತದೆ, ಕೆಲಸ ಮುಗಿದ ತಕ್ಷಣ ಸಾಕ್ಸ್ ತೆಗೆಯಿರಿ. ಬಬಲ್ ಆಲ್ಗೆಯನ್ನು ಒಡೆಯದೆ ಬುಡದಿಂದ ಬಿಡಿಸಿ.

ಕೈಗೆ ಬರುವ ಚಿಕ್ಕ ಕಲ್ಲಾದರೆ ಹೊರಗೆ ತೆಗೆದು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವುದು ಸಾಮಾನ್ಯವಾಗಿ 6 ಪರ್ಸೆಂಟಿನದು, ಅಷ್ಟೇ ಪ್ರಮಾಣದ ಆರ್‌ಓ ನೀರು ಬೆರೆಸಿದರೆ 3 ಆಗುತ್ತದೆ. ಪಾಚಿಯ ಮೇಲೆ ಮಾತ್ರ ಹಚ್ಚಿ, ಮೂರು ನಾಲ್ಕು ನಿಮಿಷ ಬಿಟ್ಟು, ಬದಲಿಸಿ ತೆಗೆದ ಟ್ಯಾಂಕ್ ನೀರಿನಲ್ಲಿ ತೊಳೆದು ವಾಪಸ್ ಇಡಿ. ಹವಳಕ್ಕೆ ತಾಗಬಾರದು. ಇನ್ನೊಂದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಕಲ್ಲನ್ನು ಎಂದೂ ಕುದಿಸಬೇಡಿ. ಜೋಆಂಥಿಡ್, ಪ್ಯಾಲಿಥೋವಾ ಎಂಬ ಹವಳದ ಬಂಧುಗಳು ಇರುವ ಕಲ್ಲಿನಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಅಂಥ ಕಲ್ಲು ಕುದಿಸಿ, ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಉಜ್ಜುವಾಗಲೂ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಬ್ರಯಾಪ್ಸಿಸ್ ಅಂತ ಖಾತ್ರಿಯಾದರೆ ಮಾತ್ರ ಔಷಧ. ಹವ್ಯಾಸಿಗಳು ಬಳಸುವುದು ಫ್ಲುಕೋನಜೋಲ್ ಎಂಬ ಶಿಲೀಂಧ್ರನಾಶಕ ಔಷಧ, ಲೀಟರಿಗೆ ಸುಮಾರು 5 ಮಿಲಿಗ್ರಾಂ, ಎರಡರಿಂದ ಮೂರು ವಾರ, ಆ ಅವಧಿಯಲ್ಲಿ ಫಿಲ್ಟರಿನ ಕಾರ್ಬನ್ (ಔಷಧವನ್ನೂ ಹೀರಿಬಿಡುವ ಇದ್ದಿಲು) ತೆಗೆದಿಡಬೇಕು. ಸತ್ತ ಪಾಚಿ ಕೊಳೆತು ಗೊಬ್ಬರ ನೀರಿಗೇ ಬರುತ್ತದೆ, ಆದ್ದರಿಂದ ಮೊದಲು ಕೈಯಲ್ಲಿ ಆದಷ್ಟು ಕಿತ್ತು ಆಮೇಲೆ ಹಾಕಿ.

ಬಸವನಹುಳು ತರುವುದು ಎಲ್ಲಕ್ಕಿಂತ ಕೊನೆಗೆ. ಉದ್ದ ಬೆಳೆದ ಹೇರ್ ಆಲ್ಗೆಯನ್ನು ಅವು ಮುಟ್ಟುವುದೇ ಇಲ್ಲ, ಗಿಡ್ಡ ಮಾಡಿಕೊಟ್ಟರೆ ಮೇಯುತ್ತವೆ. ಟ್ರೋಕಸ್ ಒಳ್ಳೆಯದು, ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ಅಂಗಡಿ ನೀರಿನ ಉಪ್ಪಿನಂಶ ನಿಮ್ಮದಕ್ಕಿಂತ ಕಡಿಮೆ ಇರುವುದು ಮಾಮೂಲಿ. ಏಕಾಏಕಿ ಟ್ಯಾಂಕಿನ 35 ಪಿಪಿಟಿಗೆ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು) ಬಿಟ್ಟರೆ ಸಾಯುತ್ತವೆ, ಒಂದು ಗಂಟೆ ಹನಿಹನಿಯಾಗಿ ನೀರು ಬೆರೆಸಿ ಹೊಂದಿಸಿ ಬಿಡಿ.

ನನ್ನ ಟ್ಯಾಂಕ್‌ಗೆ ಟಿಡಿಎಸ್ ಸೊನ್ನೆ ನೀರು ಹಾಕತೊಡಗಿದ ಮೇಲೆ ಮೊದಲ ಮೂರು ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೇ ವಾರ ಪಾಚಿಯ ಹಸಿರು ಮಾಸಿ ಹಳದಿಯಾಯಿತು, ಮುಟ್ಟಿದರೆ ಬಿಡತೊಡಗಿತು. ಹತ್ತನೇ ವಾರಕ್ಕೆ ಕಲ್ಲು ಕಂಡಿತು. ಸಂಪಿನ ರಿಟರ್ನ್ ಪಂಪಿನ ಹಿಂದೆ ಒಂದು ಕುಚ್ಚು ಇನ್ನೂ ಇದೆ, ಅದು ಅಲ್ಲೇ ಇರಲಿ ಅಂತ ಬಿಟ್ಟಿದ್ದೇನೆ. ಉದ್ದವಾದರೆ ರೆಸಿನ್ ನೋಡುವ ಸಮಯ ಬಂತು ಅಂತ ಗೊತ್ತಾಗುತ್ತದೆ. ಅಡುಗೆಮನೆಯ ಆರ್‌ಓ ಈಗಲೂ 60 ತೋರಿಸುತ್ತದೆ. ಅದರ ನೀರು ನಾವು ಕುಡಿಯುತ್ತೇವೆ.